ಕ್ಯಾರೋಬ್ ಹೂ ಬಿಡುವ ತಿಂಗಳು

ಮೊದಲು ಗುಣಗಳನ್ನು ಹೇಳಿಬಿಡುತ್ತೇನೆ. ಅಪ್ಪ ಹಾಗೆಯೇ ಶುರುಮಾಡುತ್ತಿದ್ದರು.

ಕ್ಯಾರೋಬ್ ಕಾಯಿ ದೂರದಿಂದ ಹುಣಸೆಕಾಯಿಯಂತೆ ಕಾಣುತ್ತದೆ. ಗೇಣುದ್ದ, ಚಪ್ಪಟೆ, ಮಾಗಿದಾಗ ಕಡುಕಂದು. ಆದರೆ ಹುಳಿಯಿಲ್ಲ. ಮುರಿದು ಬಾಯಿಗಿಟ್ಟರೆ ಒಣ ಉತ್ತತ್ತಿಯ ಸಿಹಿ. ಬೀಜ ತೆಗೆದು, ಹುರಿದು ಬೀಸಿದರೆ ಚಾಕೊಲೇಟ್ ಬಣ್ಣದ ಪುಡಿ ಸಿಗುತ್ತದೆ. ಆ ಪುಡಿಯಲ್ಲಿ, ತೂಕಕ್ಕೆ ತೂಕ ಹಿಡಿದರೆ, ಹಾಲಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ನಾರು ಹೆಚ್ಚು, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಚಹಾ, ಕಾಫಿಯಲ್ಲಿರುವ ನಿದ್ದೆಗೆಡಿಸುವ ಅಂಶ ಇದರಲ್ಲಿಲ್ಲ. ಮಕ್ಕಳಿಗೆ ಭೇದಿಯಾದಾಗ ಇದನ್ನು ನೀರಿನಲ್ಲಿ ಕುದಿಸಿ ಕೊಡುವ ರೂಢಿ ಸಮುದ್ರದಾಚೆಯ ಕೆಲವು ನಾಡುಗಳಲ್ಲಿ ಬಹಳ ಹಳೆಯದು. ಇದರ ಒಗರು ಕರುಳನ್ನು ಬಿಗಿಹಿಡಿಯುತ್ತದಂತೆ. ಬೀಜದ ಅಂಟನ್ನು ಐಸ್‌ಕ್ರೀಮಿಗೆ ಹಾಕುತ್ತಾರೆ. ಬೀಜಗಳೆಲ್ಲ ಒಂದೇ ತೂಕ ಎಂದು ನಂಬಿ ಹಿಂದೆ ಅವುಗಳಿಂದ ರತ್ನ ತೂಗುತ್ತಿದ್ದರು, ನಮ್ಮ ಪತ್ತಾರರು ಗುಲಗಂಜಿ ಇಟ್ಟುಕೊಂಡಂತೆ. ಸಕ್ಕರೆ ಕಾಯಿಲೆಯವರು ಮಾತ್ರ ಎಚ್ಚರದಿಂದಿರಬೇಕು. ಕಬ್ಬಿನಿಂದ ಬಂದದ್ದಲ್ಲ ಎಂದ ಮಾತ್ರಕ್ಕೆ ಸಕ್ಕರೆ ಸಕ್ಕರೆಯಲ್ಲದೆ ಹೋಗುವುದಿಲ್ಲ. ಕಬ್ಬು ಬೆಳೆಯುವ ನಮ್ಮ ಊರಿನಲ್ಲಿ ಇದನ್ನು ಎರಡು ಸಲ ಹೇಳಬೇಕಾಗುತ್ತಿತ್ತು.

ಇಷ್ಟನ್ನೂ ಅಪ್ಪ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಅವರು ಹೇಳದೆ ಬಿಡುತ್ತಿದ್ದ ಗುಣ ಒಂದಿತ್ತು. ಅದು ಕಾಯಿಯದ್ದಲ್ಲ, ಹೂವಿನದ್ದು. ಕ್ಯಾರೋಬಿನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಗಿಡದ ಹೂವಿಗೆ ವೀರ್ಯದ ವಾಸನೆ ಇರುತ್ತದೆ.

ಈ ವಾಕ್ಯವನ್ನು ನಾನು ಮೂರು ಬಗೆಯಲ್ಲಿ ಬರೆದು ಹೊಡೆದುಹಾಕಿದ್ದೇನೆ. ಒಂದರಲ್ಲಿ "ಒಂದು ಬಗೆಯ ವಾಸನೆ" ಎಂದಿತ್ತು. ಇನ್ನೊಂದರಲ್ಲಿ "ಮದುವೆಯಾದ ಹೆಂಗಸರಿಗೆ ಗೊತ್ತಿರುವ ವಾಸನೆ" ಎಂದಿತ್ತು. ಮೂರನೆಯದನ್ನು ನೆನಪಿಸಿಕೊಳ್ಳಲೂ ನಾಚಿಕೆಯಾಗುತ್ತದೆ. ಬರೆಯುವವಳಾಗಿ ನನಗೇ ಇಷ್ಟು ಕಷ್ಟವಾದರೆ, ಮಗಳಾಗಿ ಬಾಯಿಬಿಟ್ಟು ಹೇಳುವುದು ಹೇಗಿದ್ದೀತು? ನಮ್ಮ ಅಂಗಳದಲ್ಲಿದ್ದದ್ದು ಗಂಡು ಗಿಡ. ಅದನ್ನು ಅಪ್ಪನಿಗೆ ಯಾರು ಹೇಳಬೇಕು ಎನ್ನುವುದು ಕೆಲವು ವರ್ಷ ನಮ್ಮ ಮನೆಯ ಬಗೆಹರಿಯದ ಪ್ರಶ್ನೆಯಾಗಿತ್ತು. ಊರಿನವರು ನಕ್ಕು ಹೇಳುವುದಕ್ಕೆ ಮೊದಲು ನಾವೇ ಹೇಳಬೇಕಿತ್ತು.

ಅಪ್ಪ ನಿಪ್ಪಾಣಿಯ ತಂಬಾಕು ತುಂಬಿಡುವ ಒಂದು ವಖಾರಿಯಲ್ಲಿ ಮಾಲು ನೋಡುವ ಕೆಲಸದಲ್ಲಿದ್ದರು. ನೋಡುವುದು ಎನ್ನುತ್ತಿದ್ದರು, ಆದರೆ ಅದು ಮೂಸುವ ಕೆಲಸ. ರೈತರು ತಂದ ಚೀಲ ಬಿಚ್ಚಿ, ಒಂದು ಹಿಡಿ ತೆಗೆದು, ಮೂಗಿಗೆ ಹಿಡಿದು, ಇದು ಹಸಿ, ಇದು ಮಾಗಿದ್ದು, ಇದು ಮುಗ್ಗಿದ್ದು ಎಂದು ಹೇಳುವುದು. ಅವರ ಮಾತಿನ ಮೇಲೆ ಸಾಹುಕಾರರು ದರ ಕಟ್ಟುತ್ತಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಅಪ್ಪನ ಮೂಗಿಗೆ ಒಂದು ಮರ್ಯಾದೆ ಇತ್ತು. ಸಾರು ಕುದಿಯುವಾಗ ಅವ್ವ ಉಪ್ಪಿನ ರುಚಿ ನೋಡದೆ ಅಪ್ಪನನ್ನು ಕೇಳುತ್ತಿದ್ದಳು ಎಂದು ನಾನು ಗೆಳತಿಯರಿಗೆ ಹೇಳಿಕೊಂಡಿದ್ದೇನೆ. ಅವ್ವ ಇದನ್ನು ಒಪ್ಪುವುದಿಲ್ಲ. ಉಪ್ಪಿಗೆ ವಾಸನೆ ಎಲ್ಲಿರುತ್ತದೆ ಎನ್ನುತ್ತಾಳೆ. ಅವಳು ಹೇಳುವುದೇ ಸರಿ ಇರಬೇಕು.

ಕೆಲಸ ಬಿಟ್ಟ ಮೇಲೆ ಅಪ್ಪ, ಅವ್ವ ಅಥಣಿ ಕಡೆಯ ನಮ್ಮ ತೋಟದ ಮನೆಗೆ ಬಂದರು. ಅಲ್ಲಿ ಅಣ್ಣ ಅರ್ಧ ಹೊಲದಲ್ಲಿ ಕಬ್ಬು, ಅರ್ಧದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ರಜೆ ಸಿಕ್ಕಾಗ ಬಸ್ಸು ಹಿಡಿದು, ಕೃಷ್ಣೆ ದಾಟಿ ತವರಿಗೆ ಹೋಗುತ್ತೇನೆ. ಅಂಥ ಒಂದು ರಜೆಯಲ್ಲಿ ಅಂಗಳದಲ್ಲಿ ಎರಡು ಸಸಿಗಳಿದ್ದವು. ಎಲ್ಲಿಂದ ಬಂದವೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೃಷಿಮೇಳದಿಂದ ಎಂದು ಅವ್ವ. ಮೀರಜ್ ರಸ್ತೆಯ ನರ್ಸರಿಯಿಂದ ಎಂದು ಅಣ್ಣ. ಹಳೆಯ ವ್ಯಾಪಾರಿಯೊಬ್ಬರು ಕೊಟ್ಟರು ಎಂದು ಅಪ್ಪ. ಎರಡರಲ್ಲಿ ಒಂದನ್ನು ಆಡು ತಿಂದಿತು. ಅದೇ ಹೆಣ್ಣಾಗಿತ್ತು ಎಂದು ನಾವೆಲ್ಲ ಈಗ ಹೇಳಿಕೊಳ್ಳುತ್ತೇವೆ. ಆಡಿಗೆ ಮಾತ್ರ ಗೊತ್ತು.

ಉಳಿದ ಗಿಡ ಎಲೆ ಬಿಟ್ಟು ನೆರಳು ಕೊಡುವಷ್ಟಾಯಿತು. ಕಾಯಿ ಬರುವವರೆಗೆ ತಡೆಯಲಾರದೆ ಅಪ್ಪ ಕೊಲ್ಹಾಪುರದಿಂದ ಕ್ಯಾರೋಬ್ ಪುಡಿಯ ಪೊಟ್ಟಣ ತರಿಸತೊಡಗಿದರು. ಅಣ್ಣನ ಮಗನಿಗೆ, ಆಗಿನ್ನೂ ಕೂಸು, ಭೇದಿ ಹತ್ತಿತು. ಕಾಗವಾಡದ ಡಾಕ್ಟರು ಉಪ್ಪು ಸಕ್ಕರೆಯ ನೀರು ಕುಡಿಸಿರೆಂದರು. ಅದನ್ನು ಕುಡಿಸಿದೆವು. ಅಪ್ಪ ಡಾಕ್ಟರನ್ನು ಕೇಳಿಯೇ ಪುಡಿಯನ್ನೂ ತೆಳ್ಳಗೆ ಕುದಿಸಿ ಚಮಚದಲ್ಲಿ ಕೊಟ್ಟರು. ಕೂಸಿನ ಹೊಟ್ಟೆ ನಿಂತಿತು. ಯಾವುದರಿಂದ ನಿಂತಿತು ಎಂದು ನಾನು ಅನುಮಾನಿಸುತ್ತೇನೆ, ಅಪ್ಪ ಅನುಮಾನಿಸಲಿಲ್ಲ. ಅಂದಿನಿಂದ ಮನೆಗೆ ಬಂದವರನ್ನೆಲ್ಲ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂರಿಸಿ, ಬಿಸಿ ಹಾಲಿಗೆ ಪುಡಿ ಕದಡಿ ಕೊಟ್ಟು, ಮೇಲೆ ಬರೆದ ಗುಣಗಳನ್ನೆಲ್ಲ ಹೇಳತೊಡಗಿದರು. ವಖಾರಿ ಬಿಟ್ಟ ಮೇಲೆ ಅವರ ಮಾತನ್ನು ಕೇಳಿಸಿಕೊಳ್ಳುವವರು ಇರಲಿಲ್ಲ. ಈಗ ಇದ್ದರು.

ಆಮೇಲೆ ಗಿಡ ಹೂ ಬಿಟ್ಟಿತು.

ದಸರೆ ಮುಗಿದಿತ್ತು. ದ್ರಾಕ್ಷಿಯ ಚಾಟ್ನಿ ನಡೆದಿತ್ತು. ನಮ್ಮ ಕಡೆ ಬಳ್ಳಿ ಕತ್ತರಿಸುವುದಕ್ಕೆ ಹಾಗೆನ್ನುತ್ತಾರೆ. ನಾನು ಬಸ್ಸಿಳಿದು ತೋಟದ ದಾರಿಯಲ್ಲಿ ಬಂದೆ. ಗೇಟಿನ ಹತ್ತಿರ ಆ ವಾಸನೆ. ಬಿಸಿಲಿಗೆ ಒಗೆದ ಹಾಸಿಗೆ ಬಟ್ಟೆ ಹರವಿದ್ದರು. ನನ್ನ ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಅಣ್ಣ, ಅವನ ಹೆಂಡತಿ ವೈನಿ, ಇಬ್ಬರ ಮುಖವನ್ನೂ ನೋಡಲಾಗದೆ ನೆಟ್ಟಗೆ ಒಳಗೆ ಹೋದೆ. ವೈನಿಯೂ ನನ್ನ ಮುಖ ನೋಡಲಿಲ್ಲ. ಅಡುಗೆಮನೆಯಲ್ಲಿ ಅವ್ವ ಹಬ್ಬವಲ್ಲದ ದಿನ ಲೋಬಾನದ ಹೊಗೆ ಹಾಕಿ ಕೂತಿದ್ದಳು. ಎರಡು ದಿನ ಕಳೆದ ಮೇಲೆ ವೈನಿಯೇ ಪಿಸುಗುಟ್ಟಿದಳು, "ಗಿಡದ್ದರಿ. ಹತ್ತಿರ ಹೋಗಿ ನೋಡ್ರಿ ಬೇಕಾದ್ರ."

ನೋಡಿದೆ. ಕ್ಯಾರೋಬಿನ ಹೂ ಚಿಗುರಿನಲ್ಲಿ ಬರುವುದಿಲ್ಲ, ದಪ್ಪ ಕೊಂಬೆಯ ತೊಗಟೆಯನ್ನೇ ಒಡೆದುಕೊಂಡು ಬರುತ್ತದೆ. ಗಿಡ್ಡ ಗಿಡ್ಡ ಕೆಂಪು ತೆನೆಗಳು. ನೊಣಗಳು ಸಂಭ್ರಮದಲ್ಲಿದ್ದವು. ಕೆಳಗೆ ಕಟ್ಟೆಯ ಮೇಲೆ ಅಪ್ಪ ಕೂತು ಯಾರೋ ಇಬ್ಬರಿಗೆ ಕ್ಯಾಲ್ಸಿಯಂ ಬಗ್ಗೆ ಹೇಳುತ್ತಿದ್ದರು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಲೋಟ ನೋಡುತ್ತ ಕುಡಿಯುತ್ತಿದ್ದರು. ದಾಟಿ ಹೋಗುತ್ತಿದ್ದ ಅಣ್ಣ ಯಾರೂ ಕೇಳದಿದ್ದರೂ ಅಂದ:

"ದ್ರಾಕ್ಷಿಗೆ ಪೇಸ್ಟ್ ಹಚ್ಚೀವ್ರಿ. ಅದರ ವಾಸನಿ."

ಚಾಟ್ನಿಯಾದ ಮೇಲೆ ಬಳ್ಳಿಯ ಕಣ್ಣು ಒಡೆಯಲೆಂದು ಹಚ್ಚುವ ಔಷಧಿಗೆ ಪೇಸ್ಟ್ ಎನ್ನುತ್ತಾರೆ. ಬಂದವರಿಬ್ಬರೂ ದ್ರಾಕ್ಷಿ ಬೆಳೆಯುವವರು. ಪೇಸ್ಟಿನ ವಾಸನೆ ಹೇಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು.

"ಹೌದ್ರಿ, ಈ ವರ್ಷದ ಪೇಸ್ಟ್ ಭಾಳ ಕಡಕ್ ಐತಿ," ಎಂದ ಒಬ್ಬ.

ಆ ಸಂಜೆ ಅಡುಗೆಮನೆಯಲ್ಲಿ ಮೊದಲ ಪಂಚಾಯಿತಿ ನಡೆಯಿತು.

"ನೀ ಹೇಳ ಬೇ," ಅವ್ವ ನನಗೆಂದಳು. "ಕಾಲೇಜಿನಾಗ ಕಲಸಾಕಿ ನೀ. ಪುಸ್ತಕದಾಗ ಐತಿ ಅಂತ ಹೇಳು."

"ಅಣ್ಣ ಹೇಳ್ಲಿ. ಗಂಡಸರು ಗಂಡಸರು ಮಾತಾಡ್ಕೋಬೇಕು."

"ನಾ ಏನಂತ ಹೇಳ್ಲಿ?" ಅಣ್ಣ ಬಾಗಿಲ ಕಡೆ ನೋಡಿದ. "ನಾ ಅವರ ಮುಂದ ಇನ್ನ ಮಟಾ ಕುರ್ಚಿ ಮ್ಯಾಲ ಕುಂತಿಲ್ಲ. ಅಪ್ಪಾಜಿ, ನಿಮ್ಮ ಗಿಡಾ ಹಿಂಗಿಂಗ ನಾರತೈತಿ ಅನ್ಲೇನು?"

"ಅಳಿಯಾರಿಗೆ ಫೋನ್ ಹಚ್ರಿ," ವೈನಿ ಅಂದಳು. "ಹೊರಗಿನವರು ಹೇಳಿದ್ರ ಅಷ್ಟ ಅನಸಂಗಿಲ್ಲ."

ಚಿಕ್ಕೋಡಿಯಲ್ಲಿದ್ದ ನನ್ನ ಗಂಡ ಫೋನಿನಲ್ಲಿ ಬಹಳ ಹೊತ್ತು ನಕ್ಕರು. ಆಮೇಲೆ, "ನಿಮ್ಮಪ್ಪನ ಗಿಡ, ನಿಮ್ಮಪ್ಪನ ಮೂಗು. ನಡುವ ನನ್ನ ಯಾಕ ತರ್ತಿ ಮಾರಾಯ್ತಿ?" ಎಂದು ಇಟ್ಟುಬಿಟ್ಟರು.

ಕೊನೆಗೆ ಅವ್ವನೇ ತೀರ್ಪು ಕೊಟ್ಟಳು. "ಅವರಿಗೆ ಗೊತ್ತಿಲ್ಲಂತ ತಿಳದೀರೇನು? ಮೂಗಿನ ಮ್ಯಾಲ ಹೊಟ್ಟಿ ಹೊರದ ಮನಶಾ. ಗೊತ್ತಿದ್ದ ಸುಮ್ಮನ ಅದಾರ. ಬಾಯಿ ಬಿಟ್ಟ್ರ ಅವರ ಮಾನಾ ನಾವ ಕಳದಂಗ ಆಕ್ಕೈತಿ."

ಇದು ನಮಗೆಲ್ಲ ಅನುಕೂಲದ ಮಾತಾಗಿತ್ತು. ತಂಬಾಕಿನ ನೂರು ಬಗೆಯನ್ನು ಕಣ್ಣುಮುಚ್ಚಿ ಹೇಳುತ್ತಿದ್ದ ಅಪ್ಪನಿಗೆ ಈ ವಾಸನೆ ಗೊತ್ತಾಗದೆ ಇರುತ್ತದೆಯೆ? ಗೊತ್ತಾಗಿದೆ. ಗಿಡದ ಮೇಲಿನ ಪ್ರೀತಿಗೆ ನುಂಗಿಕೊಂಡಿದ್ದಾರೆ. ನಾವೂ ನುಂಗಿಕೊಳ್ಳಬೇಕು. ಹೀಗೆ ನಮ್ಮ ನಾಚಿಕೆಗೆ ನಾವು ಮರ್ಯಾದೆ ಎಂದು ಹೆಸರಿಟ್ಟೆವು. ಮುಂದಿನ ವರ್ಷವೂ ಹೂವಾಯಿತು, ಅದರ ಮುಂದಿನ ವರ್ಷವೂ. ಕಾಯಿ ಬರಲಿಲ್ಲ. "ಇನ್ನ ಎಳಸ ಐತಿ," ಎನ್ನುತ್ತಿದ್ದರು ಅಪ್ಪ.

ಈ ವರ್ಷಗಳಲ್ಲಿ ಅಪ್ಪ ಬದಲಾದರು. ಇದನ್ನು ನಾನು ಆಗಲೇ ಗಮನಿಸಿದ್ದೆನೋ, ಆಮೇಲೆ ಗೊತ್ತಾದ ಮೇಲೆ ಹಿಂದಕ್ಕೆ ಹೋಗಿ ಅಂಟಿಸುತ್ತಿದ್ದೇನೋ, ಖಚಿತವಾಗಿ ಹೇಳಲಾರೆ. ಅವ್ವ ಕೂಡ ಹೌದೆನ್ನುವುದನ್ನಷ್ಟೇ ಬರೆಯುತ್ತೇನೆ. ಬೆಳಿಗ್ಗೆ ಒಮ್ಮೆ ಸ್ನಾನ ಮಾಡುತ್ತಿದ್ದವರು ಸಂಜೆಯೂ ಮಾಡತೊಡಗಿದರು. ಕೆಲವು ದಿನ ಮಧ್ಯಾಹ್ನವೂ. ಕುತ್ತಿಗೆಗೆ, ಕಂಕುಳಿಗೆ ಪೌಡರ್. ತಮ್ಮ ಧೋತರ, ಒಳಬಟ್ಟೆಯನ್ನು ವೈನಿಗೆ ಒಗೆಯಲು ಬಿಡದೆ ತಾವೇ ಒಗೆದುಕೊಂಡರು. ಮೊಮ್ಮಗ ತೊಡೆಯೇರಲು ಬಂದರೆ, "ಹೋಗ, ಆಚೆ ಆಡ ಹೋಗ," ಎಂದು ಇಳಿಸುತ್ತಿದ್ದರು. ಕಟ್ಟೆಯ ಮೇಲೆ ಬಂದವರಿಗೂ ತಮಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಡುತ್ತಿದ್ದರು. ವಯಸ್ಸಾದಂತೆ ಮಡಿ ಹೆಚ್ಚಾಯಿತು ಎಂದು ಅವ್ವ. ಇಷ್ಟು ವರ್ಷದ ತಂಬಾಕಿನ ಧೂಳು ಈಗ ತೊಳೆಯುತ್ತಿದ್ದಾರೆ ಎಂದು ನಾನು. ಅದನ್ನು ಹಾಸ್ಯವೆಂದುಕೊಂಡು ಹೇಳಿದ್ದೆ.

ಆಮೇಲೆ ಆ ಸಭೆ.

ಊರಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘ ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತದೆ. ಮಕ್ಕಳ ಪೋಷಣೆಯ ಬಗ್ಗೆ ಯಾರಾದರೂ ಮಾತಾಡಲಿ ಎಂದು ಅವರು ಹುಡುಕುತ್ತಿದ್ದರು. ಅಪ್ಪ ನಮ್ಮನ್ನು ಕೇಳದೆ ಕರೆದುಬಿಟ್ಟಿದ್ದರು. ದೀಪಾವಳಿಗೆ ಇನ್ನೂ ಸ್ವಲ್ಪ ದಿನವಿತ್ತು. ಗಿಡ ಮೈತುಂಬ ಹೂವಾಗಿತ್ತು. ನಾನು ರಜೆಗೆ ಬಂದಿದ್ದೆ.

"ಒಳಗ ಪಡಸಾಲ್ಯಾಗ ಕುಂದ್ರಸೂಣ್ರಿ. ಬಿಸಲ ಐತಿ," ಅವ್ವ ಅಂದಳು.

"ಪಂಪ್‌ಹೌಸ್ ಕಡೆ ಗಾಳಿ ಚಲೋ ಐತಿ," ಅಣ್ಣ ಅಂದ.

"ಗಿಡದ ಗುಣಾ ಹೇಳೂ ಮುಂದ ಗಿಡದ ಕೆಳಗ ಕುಂದ್ರಬೇಕ," ಅಂದರು ಅಪ್ಪ. ಆ ಬೆಳಿಗ್ಗೆ ಅವರು ಎರಡು ಸಲ ಸ್ನಾನ ಮಾಡಿದ್ದರು. ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದರು. ಕುತ್ತಿಗೆಯ ಸುಕ್ಕುಗಳಲ್ಲಿ ಪೌಡರ್ ಬಿಳಿ ಗೆರೆಗಳಾಗಿ ನಿಂತಿತ್ತು.

ಹೆಣ್ಣುಮಕ್ಕಳು ಬಂದರು. ಇಪ್ಪತ್ತು ಜನ ಎಂದು ನನ್ನ ನೆನಪು. ಹನ್ನೆರಡು ಎಂದು ವೈನಿ. ಗೇಟಿನಲ್ಲೇ ಮೊದಲ ಸೆರಗು ಮೂಗಿಗೆ ಹೋಯಿತು. ಚಾಪೆಯ ಮೇಲೆ ಕೂರುವಷ್ಟರಲ್ಲಿ ಎಲ್ಲರ ಸೆರಗೂ ಮೂಗಿನ ಮೇಲಿತ್ತು. ಮೊಣಕೈಗಳು ಪಕ್ಕದವರ ಪಕ್ಕೆಗೆ ತಾಗುತ್ತಿದ್ದವು. ನಾನು ಲೋಟ ತುಂಬುವ ನೆಪದಲ್ಲಿ ತಲೆ ಎತ್ತಲೇ ಇಲ್ಲ.

ಅಪ್ಪ ಕಟ್ಟೆಯ ಮೇಲೆ ಕೂರಲಿಲ್ಲ. ಹೆಣ್ಣುಮಕ್ಕಳಿಂದ ಬಹಳ ದೂರ, ಅಂಗಳದ ಆ ಕೊನೆಗೆ, ಬೋರಿನ ಪೈಪಿನ ಹತ್ತಿರ ನಿಂತರು. ಅಷ್ಟು ದೂರದಿಂದ ಕೇಳಿಸಬೇಕೆಂದು ಜೋರಾಗಿ ಮಾತಾಡಬೇಕಾಯಿತು. ಕ್ಯಾಲ್ಸಿಯಂ, ನಾರು, ಒಗರು, ಕೂಸಿನ ಹೊಟ್ಟೆ ನಿಂತ ಕಥೆ. "ಆದ್ರ ಮೊದ್ಲ ಡಾಕ್ಟರ್ ಕಡೆ ಹೋಗಬೇಕ್ರವ್ವ. ಉಪ್ಪು ಸಕ್ಕರಿ ನೀರ ಬಿಡಬಾರದು. ಇದು ಅದರ ಜೋಡಿ, ಅದರ ಬದ್ಲಿ ಅಲ್ಲ." ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು, "ಸುಮ್ಕಿರ ಲೇ, ಹಿರ್ಯಾರು ಹೇಳಾಕತ್ತಾರ," ಎಂದು ತಾನೂ ನಕ್ಕಳು.

ಮುಂದೆ ಕೂತಿದ್ದವಳೊಬ್ಬಳು ವಯಸ್ಸಾದವಳು, ಸಂಘದಲ್ಲಿ ಎಲ್ಲರ ಕಾಲೆಳೆಯುವವಳು. ಅವಳು ಸೆರಗು ತೆಗೆದು ಕೇಳಿದಳು:

"ಕಾಕಾರ, ಎಲ್ಲಾ ಹೇಳಿದ್ರಿ. ಕಾಯಿ ಎಲ್ಲಿ ಅದಾವ್ರಿ?"

"ಇನ್ನ ಬಂದಿಲ್ಲವ್ವ. ಹೂವಾಗಾಕತ್ತೈತಿ. ಮುಂದಿನ ವರ್ಷ ಬರತಾವ."

"ಬರಂಗಿಲ್ಲ ಬಿಡ್ರಿ ಕಾಕಾರ. ಇದು ಕಾಯಿ ಬಿಡೂ ಪೈಕಿ ಅಲ್ಲ. ಕಾಯಿ ಬಿಡಸೂ ಪೈಕಿ."

ಚಾಪೆಯ ಮೇಲೆ ನಗು ಒಡೆಯಿತು. ವೈನಿ ಒಳಗೆ ಓಡಿದಳು. ಅಪ್ಪ ಕೈಯಲ್ಲಿ ಪುಡಿಯ ಡಬ್ಬಿ ಹಿಡಿದು ನಿಂತೇ ಇದ್ದರು.

"ಅಂದ್ರ?"

"ಹಂಗಂದ್ರ ಏನಂತ ಹೇಳ್ಲಿ? ವಾಸನಿ ಬಡಿಯವಲ್ದೇನ್ರಿ ನಿಮಗ?"

ಅಪ್ಪ ಡಬ್ಬಿ ಕೆಳಗಿಟ್ಟರು. "ವಾಸನಿ," ಅಂದರು. ಆಮೇಲೆ ಬಹಳ ನಿಧಾನವಾಗಿ, "ಅದು ಗಿಡದ್ದೇನವ್ವ?"

"ಗಿಡದ್ದ ಮತ್ತ. ನಿಮ್ಮದು ಅಂತ ತಿಳಕೊಂಡ್ರೇನು, ಈ ವಯಸ್ಸಿನಾಗ?"

ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನನ್ನ ಕಿವಿ ಸುಟ್ಟುಹೋದಂತಾಗಿತ್ತು. ನಾವು ವರ್ಷಗಟ್ಟಲೆ ಕಾಯ್ದಿಟ್ಟ ಮರ್ಯಾದೆ ಹೀಗೆ ಅಂಗಳದಲ್ಲಿ ಬಿದ್ದಿತ್ತು. ಆಗ ಅಪ್ಪ ನಕ್ಕರು. ಮೊದಲು ಸದ್ದಿಲ್ಲದೆ, ಭುಜ ಮಾತ್ರ ಅಲುಗಿತು. ಆಮೇಲೆ ಕಣ್ಣೊರೆಸಿಕೊಳ್ಳುವಷ್ಟು. ನಡೆದು ಬಂದು ಗಿಡದ ಕೆಳಗೆ ನಿಂತು, ಕತ್ತೆತ್ತಿ ಕೊಂಬೆಗಳನ್ನು ನೋಡಿದರು. ಈ ನಗುವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಂತೆಲ್ಲ ಅದು ಉದ್ದವಾಗುತ್ತಿದೆ. ನಿಜದಲ್ಲಿ ಚಿಕ್ಕದಿತ್ತೇನೋ. ಪಾಪ, ಏನೂ ತಿಳಿಯದೆ ಅವರ ಜೊತೆ ತಾವೂ ನಗುತ್ತಿದ್ದಾರೆ ಎಂದು ಆಗ ನಾನು ಅಂದುಕೊಂಡೆ. ಇದಂತೂ ಖಚಿತವಾಗಿ ನೆನಪಿದೆ, ಏಕೆಂದರೆ ಇದು ನನಗೆ ಕೆಟ್ಟ ಹೆಸರು ತರುವ ನೆನಪು.

ಅವರೆಲ್ಲ ಹಾಲು ಕುಡಿದು, ಚೆನ್ನಾಗಿದೆಯೆಂದು ಹೇಳಿ, ಪುಡಿ ಎಲ್ಲಿ ಸಿಗುತ್ತದೆಂದು ಕೇಳಿ ಹೋದರು. ಹೊತ್ತು ಇಳಿಯುತ್ತಿತ್ತು. ನಾನು ಕಟ್ಟೆಯ ಮೇಲೆ ಲೋಟಗಳನ್ನು ಜೋಡಿಸುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತರು. ನಡುವೆ ಜಾಗ ಬಿಡಲಿಲ್ಲ. ಅವರ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು.

"ನನಗ ವಾಸನಿ ಗೊತ್ತಾಗಂಗಿಲ್ಲ," ಅಂದರು. "ಭಾಳ ವರ್ಷ ಆತು. ವಖಾರ್ಯಾಗಿದ್ದಾಗ ಹ್ವಾತು ಅದು."

"ವಖಾರ್ಯಾಗ? ಮತ್ತ ಮಾಲು ಹೆಂಗ ನೋಡ್ತಿದ್ರಿ?"

"ಚೀಲದ ಬಾಯಿ ಬಿಚ್ಚಿ ಒಂದ ಹಿಡಿ ಮೂಗಿಗೆ ಹಿಡೀತಿದ್ನಿ. ಹಿಡದ ಬಾಜೂಕ ನೋಡ್ತಿದ್ನಿ. ಅಲ್ಲಿ ಹೆಣ್ಮಕ್ಕಳು ತಂಬಾಕ ಸಾಣಿಗಿ ಹಿಡೀತಿದ್ರು. ಅವರ ಮುಖದ ಮ್ಯಾಲ ಬರದಂಗ ಇರತಿತ್ತು. ಮುಗ್ಗಿದ್ದ ಇದ್ರ ಒಂದ ತರಾ, ಹಸಿ ಇದ್ರ ಒಂದ ತರಾ. ಕೈಗೆ ಹತ್ತೂದು, ಕಣ್ಣಿಗೆ ಕಾಣೂದು ಅಂತೂ ಇದ್ದ ಇತ್ತು. ಒಬ್ಬರಿಗೂ ಸುಳಿವ ಹತ್ತಲಿಲ್ಲ. ನಿಮ್ಮವ್ವಗೂ."

ನೊಣಗಳ ಗುಂಯ್ ಎನ್ನುವ ಸದ್ದು ತಲೆಯ ಮೇಲೆ.

"ಇಲ್ಲಿ ಬಂದ ಮ್ಯಾಲೂ ಮುಖಾ ನೋಡೂ ಚಟಾ ಹೋಗಲಿಲ್ಲ. ನೀವು ನನ್ನ ಹತ್ರ ಬಂದ್ರ ಹಿಂಗ ಮಾಡ್ತಿದ್ರಿ."

ಅವರು ಮಾಡಿ ತೋರಿಸಿದರು. ಮೂಗಿನ ಹೊಳ್ಳೆ ಸ್ವಲ್ಪ ಬಿಗಿದು, ತುಟಿ ಒತ್ತಿ, ಕಣ್ಣನ್ನು ಪಕ್ಕಕ್ಕೆ ಸರಿಸಿ, ಏನೂ ಆಗಿಲ್ಲವೆನ್ನುವಂತೆ ಮಾಡುವ ಮುಖ. ಅದು ನನ್ನ ಮುಖವಾಗಿತ್ತು.

"ನಂದ ಅಂತ ತಿಳಕೊಂಡ್ನಿ. ಮುದುಕ ಆದ್ನಿ, ಮೈ ನಾರಾಕತ್ತೈತಿ, ಹೇಳಾಕ ಪಾಪ ನಾಚತಾರ ಅಂತ." ನಗುತ್ತಲೇ ಹೇಳಿದರು. "ಎಷ್ಟ ಸಾಬಣ ಖರ್ಚ ಮಾಡಿದ್ನಿ ಅಂತಿ."

ಈ ಜಾಗದಲ್ಲಿ ನಾನು ಅವರ ಕೈ ಹಿಡಿದುಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹಿಡಿದುಕೊಳ್ಳಲಿಲ್ಲ. ಲೋಟಗಳನ್ನು ಒಂದರೊಳಗೊಂದು ಇಟ್ಟೆ, ಮತ್ತೆ ತೆಗೆದೆ. ಆ ಕೂಸು ತೊಡೆಯಿಂದ ಇಳಿದದ್ದು, ಬಿಸಿಲಲ್ಲಿ ಅವರೊಬ್ಬರೇ ಕಲ್ಲಿನ ಮೇಲೆ ಧೋತರ ಒಗೆಯುತ್ತಿದ್ದದ್ದು ಎಲ್ಲ ಆಗ ಸಾಲಾಗಿ ಬಂದವು ಎಂದೂ ಬರೆಯಬಹುದು. ಆಗ ಬರಲಿಲ್ಲ. ಚಿಕ್ಕೋಡಿಗೆ ಮರಳುವ ಬಸ್ಸಿನಲ್ಲಿ ಒಂದೊಂದಾಗಿ, ಕ್ರಮವಿಲ್ಲದೆ ಬಂದವು. ಒಮ್ಮೆ ಅವರು ಫೋನಿನಲ್ಲಿ, ವಯಸ್ಸಾದವರ ಮೈಗೆ ವಾಸನೆ ಯಾಕೆ ಬರುತ್ತದೆಂದು ಪುಸ್ತಕದಲ್ಲಿ ಇದೆಯೆ ಎಂದು ನನ್ನನ್ನು ಕೇಳಿದ್ದರೆಂದು ಅನ್ನಿಸುತ್ತದೆ. ಕೇಳಿದ್ದರೆ ನಾನು ಏನೆಂದೆನೋ ನೆನಪಿಲ್ಲ. ಕೇಳಿರಲಿಲ್ಲ ಎಂದು ನಂಬಿದರೆ ನನಗೆ ಹಗುರಾಗುತ್ತದೆ. ಅದಕ್ಕೇ ಆ ನಂಬಿಕೆಯ ಮೇಲೆ ನನಗೆ ವಿಶ್ವಾಸವಿಲ್ಲ.

ಆ ಸಂಜೆ ನನ್ನ ಬಾಯಿಂದ ಬಂದದ್ದು ಇಷ್ಟೇ: "ಅದು ಗಂಡು ಗಿಡರಿ ಅಪ್ಪಾಜಿ."

"ಗೊತ್ತಾತಲ್ಲ ಈಗ," ಅಂದರು. "ಮಾತು ಗಿಡದ್ದಲ್ಲ ಬಿಡು, ನೀವು ಹೇಳಲಾರದ್ದು."

ಮರುದಿನ ಅಣ್ಣ ಗರಗಸ ತಂದ. ಯಾರ ಮುಖವನ್ನೂ ನೋಡದೆ ನೇರ ಗಿಡದ ಬುಡಕ್ಕೆ ಹೋದ. ಅವನ ನಾಚಿಕೆ ಅವನ ಕೈಗೆ ಬಂದಿತ್ತು. ಅಪ್ಪ ಕಟ್ಟೆಯ ಮೇಲೆ ಕೂತು ಕೇಳಿದರು:

"ನಿನ್ನ ದ್ರಾಕ್ಷಿಗೆ ಬ್ಯಾರೆ ಜಾತಿ ಬೇಕಾದ್ರ ಏನ ಮಾಡ್ತಿ?"

"ಕಸಿ ಕಟ್ತೀನ್ರಿ."

"ಬುಡಾ ಕಡೀತಿಯೇನು?"

ಅಣ್ಣ ಗರಗಸ ಕೆಳಗಿಟ್ಟ. ನಮ್ಮ ಕಡೆ ದ್ರಾಕ್ಷಿ ಬೆಳೆಯುವವರು ಕಾಡುಬಳ್ಳಿಯ ಬೇರಿನ ಮೇಲೆ ತಮಗೆ ಬೇಕಾದ ಜಾತಿಯನ್ನು ಕಟ್ಟುತ್ತಾರೆ. ಅಣ್ಣನ ಕೈ ಅದರಲ್ಲಿ ಪಳಗಿದ್ದು. ಬೇಸಿಗೆಗೆ ಮೊದಲು ಎಲ್ಲಿಂದಲೋ ಹೆಣ್ಣು ಕ್ಯಾರೋಬಿನ ಕಣ್ಣುಗಳನ್ನು ತರಿಸಿ, ಕೊಂಬೆಗಳನ್ನು ಸವರಿ, ಒಂದೊಂದಕ್ಕೂ ಕಟ್ಟಿದ. ಕೆಲವು ಒಣಗಿದವು, ಕೆಲವು ಹಿಡಿದವು. ಒಂದು ಕೊಂಬೆಯನ್ನು ಮಾತ್ರ ಅಪ್ಪ ಮುಟ್ಟಗೊಡಲಿಲ್ಲ. ಹೆಣ್ಣು ಹೂವು ಕಾಯಾಗಬೇಕಾದರೆ ಗಂಡು ಹೂವು ಹತ್ತಿರದಲ್ಲಿರಬೇಕು. ಉಳಿಸಿದ್ದು ಕಟ್ಟೆಯ ಮೇಲೆ ಬಾಗಿದ ಕೊಂಬೆ.

"ಬ್ಯಾರೆ ಯಾವದರ ಉಳಸ್ರಿ," ಎಂದು ಅವ್ವ ಅಂಗಲಾಚಿದಳು. "ಹಿತ್ತಲ ಕಡೇದ ಉಳಸ್ರಿ."

"ಇದ ಇರಲಿ. ಬಂದವರು ಕೇಳ್ಲಿ, ನಾವು ಹೇಳೂಣು."

ಹೀಗಾಗಿ ಆ ಕೊಂಬೆ ಹೂ ಬಿಟ್ಟಾಗ ಬಂದವರಿಗೆ ನಾವು ಹೇಳುತ್ತೇವೆ. ಅಣ್ಣ ಕಲಿತಿದ್ದಾನೆ, ಪೇಸ್ಟ್ ಎನ್ನುವುದಿಲ್ಲ, ಗಂಡು ಹೂವಿನ ವಾಸನೆ ಎನ್ನುತ್ತಾನೆ, ನೆಲ ನೋಡುತ್ತ. ಅಪ್ಪ ಒಂದು ಆಟ ಶುರುಮಾಡಿದ್ದಾರೆ. ನಾನು ಬಸ್ಸಿಳಿದು ಬಂದು ಕಟ್ಟೆಯ ಹತ್ತಿರ ನಿಂತ ಕೂಡಲೆ ನನ್ನ ಮುಖ ನೋಡಿ ಕೇಳುತ್ತಾರೆ:

"ಗಿಡದ್ದೋ, ನಂದೋ?"

"ಗಿಡದ್ದರಿ."

ಮೊಮ್ಮಗ, ಈಗ ಶಾಲೆಗೆ ಹೋಗುತ್ತಾನೆ, ತೊಡೆಯ ಮೇಲೆ ಕೂತು ತಾನೂ ಕೂಗುತ್ತಾನೆ, "ಗಿಡದ್ದ, ಗಿಡದ್ದ." ಮೂರು ಸ್ನಾನ ಒಂದಕ್ಕಿಳಿದಿದೆ. ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಕಥೆಯಾಗುತ್ತದೆ. ನಿಲ್ಲಿಸುವಂತಿಲ್ಲ.

ಹೋದ ಶ್ರಾವಣದಲ್ಲಿ ಹೋಗಿದ್ದೆ. ಜಿಟಿಜಿಟಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಹೂವಿಗೆ ಇನ್ನೂ ತಿಂಗಳುಗಳಿದ್ದವು. ಕೊಂಬೆಯ ತೊಗಟೆ ಒಡೆದೂ ಇರಲಿಲ್ಲ. ಅಪ್ಪ ಕಟ್ಟೆಯ ಮೇಲಿದ್ದರು. ಹತ್ತಿರ ಹೋದೆ. ವಾಸನೆ ಇತ್ತು. ಬೇರೆ ವಾಸನೆ, ಮೂತ್ರದ್ದು. ಧೋತರದ ಮುಂಭಾಗದಲ್ಲಿ ಒದ್ದೆಯ ಸುತ್ತ ಒಣಗಿದ ಒಂದು ಅಂಚು ಕಾಣುತ್ತಿತ್ತು. ಅವರಿಗೆ ಗೊತ್ತಾಗಿರಲಿಲ್ಲ.

"ಬಾ," ಅಂದರು. ನನ್ನ ಮುಖ ನೋಡಿದರು. "ಗಿಡದ್ದೋ, ನಂದೋ?"

ಆಟದ ದನಿಯಲ್ಲೇ ಕೇಳಿದ್ದರು. ಹೂವಿಲ್ಲದ ಕಾಲವೆಂದು ಅವರಿಗೂ ಗೊತ್ತಿತ್ತೋ ಇಲ್ಲವೋ, ಅದನ್ನು ನಾನು ಈಗಲೂ ಹೇಳಲಾರೆ. ನಾನು ಗಿಡದ ಕಡೆ ನೋಡಿದೆ. ಕಸಿಯ ಗಂಟುಗಳ ಮೇಲೆ ಹೊಸ ಎಲೆ ಹೊಳೆಯುತ್ತಿತ್ತು. ಆ ಹಳೆಯ ಮುಖ ತಾನಾಗಿಯೇ ಬಂದು ನನ್ನ ಮುಖದ ಮೇಲೆ ಕೂತಿದೆಯೆಂದು ನನಗೆ ಒಳಗಿನಿಂದ ಗೊತ್ತಾಗುತ್ತಿತ್ತು.

"ನಿಮ್ದರಿ," ಅಂದೆ.

"ಏನಂದಿ? ಗಿಡಕ್ಕ ಹೇಳಾಕತ್ತಿ ನೀ. ಇತ್ತ ನೋಡಿ ಹೇಳು."

ತಿರುಗಿದೆ. ಅವರ ಕಣ್ಣು ನನ್ನ ಮೂಗು, ತುಟಿಗಳ ಮೇಲೆ ಸಾವಕಾಶವಾಗಿ ಓಡಾಡಿತು, ಚೀಲ ಬಿಚ್ಚಿ ಮಾಲು ನೋಡುವಂತೆ.

"ನಿಮ್ದ, ಅಪ್ಪಾಜಿ. ಧೋತರಾ ಹಸಿ ಆಗೈತಿ."

ಅವರು ಕೆಳಗೆ ನೋಡಿಕೊಂಡರು. ಮುಖ ಕೆಂಪಾಯಿತು. ಕಿವಿಯ ತುದಿಯವರೆಗೂ. ಆ ಹೆಂಗಸರ ನಗುವಿನ ಮುಂದೆ ಕೆಂಪಾಗದ ಮುಖ ನನ್ನ ಒಂದು ಮಾತಿಗೆ ಕೆಂಪಾಯಿತು. ಹೇಳದೆ ಇದ್ದಾಗ ಆಗಿದ್ದ ನಾಚಿಕೆ ಹೇಳಿದ ಮೇಲೆ ಕಡಿಮೆಯಾಗುತ್ತದೆಂದು ನಾನು ಅಂದುಕೊಂಡಿದ್ದೆ. ಆಗಲಿಲ್ಲ. ಈಗ ಅದು ಇಬ್ಬರದ್ದಾಯಿತು, ಅಷ್ಟೆ.

ಕಟ್ಟೆಗೆ ಕೈಯೂರಿ ಎದ್ದರು.

"ನೀರ ಕಾಸಾಕ ಹೇಳ ನಿಮ್ಮವ್ವಗ," ಅಂದರು. "ಒಗಿಯೂದು ನಾ ಒಗಕೋತೀನಿ."

"ಬ್ಯಾಡ್ರಿ. ನಾ ಒಗೀತೀನಿ."

ಬೇಡವೆನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಬಚ್ಚಲ ಬಾಗಿಲ ಸಂದಿಯಿಂದ ಧೋತರವನ್ನು ಹೊರಗೆ ಚಾಚಿದರು. ನಾನು ಅದನ್ನು ತೆಗೆದುಕೊಂಡು ಕಲ್ಲಿನ ಕಡೆ ನಡೆದೆ.